ಹಿಂದೆ ನಿಂತು ಕರೆದವಳು

ಮಣಿಪಾಲದ ಇಳಿಜಾರಿನಲ್ಲಿ ಕೆಂಪುಕಲ್ಲಿನ ಲಾರಿಯೊಂದು ಆಕ್ಸಲ್ ಮುರಿದುಕೊಂಡು ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತ್ತು. ಕಾರ್ಕಳದಿಂದ ಹೊರಟು ಉಡುಪಿಯ ಮೂಲಕ ಕಾಪುವಿಗೆ ಹೋಗುವ ಬಸ್ಸು ಅದರ ಬಾಲಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತಿತು. ಮುಂದೆ ದಾರಿ ಇಲ್ಲ. ಹಿಂದಕ್ಕೆ ಹೋಗಿ ಅಡ್ಡರಸ್ತೆ ಹಿಡಿಯಬೇಕು.

ಆದರೆ ಬಸ್ಸು ಹಿಂದಕ್ಕೂ ಹೋಗಲಿಲ್ಲ. ಡ್ರೈವರ್ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, ದೇವರ ಮುಂದೆ ಕುಳಿತವನಂತೆ ಸುಮ್ಮನೆ ಕುಳಿತಿದ್ದ.

“ಹಿಂದೆ ತೆಗೀರಿ ಮಾರಾಯ್ರೆ, ಎಂತ ನಿದ್ದೆಯಾ?” ಎಂದು ಯಾರೋ ಕೂಗಿದರು.

“ಕರೆಯುವ ಜನ ಇಲ್ಲ,” ಎಂದ ಡ್ರೈವರ್, ತಿರುಗಿ ನೋಡದೆ.

ಅದು ನಿಜ. ಕಂಡಕ್ಟರ್ ಲಿಯೋನೆಲ್ ಪೊರ್ಬು ಆಗಲೇ ಇಳಿದು, ಲಾರಿಯವರ ಜೊತೆ ಜಗಳಕ್ಕೆ ಹೋಗಿದ್ದರು. ಅವರ ಜಗಳ ಬೇಗ ಮುಗಿಯುವಂಥದ್ದಲ್ಲ. ಆ ಕಡೆಯ ಬಸ್ಸುಗಳಲ್ಲಿ ಒಂದು ಕಟ್ಟುಪಾಡು ಇತ್ತು. ಹಿಂದೆ ಒಬ್ಬರು ನಿಂತು ‘ಬರ್ಲಿ, ಬರ್ಲಿ’ ಎಂದು ಕರೆದು, ಬಸ್ಸಿನ ತಗಡಿಗೆ ಕೈಯಿಂದ ಬಡಿಯದೆ ಯಾವ ಡ್ರೈವರನೂ ರಿವರ್ಸ್ ಹಾಕುತ್ತಿರಲಿಲ್ಲ. ಕರೆಯುವ ದನಿಯ ಮೇಲೆಯೇ ಬಸ್ಸು ಹಿಂದಕ್ಕೆ ಬರಬೇಕು. ‘ಹೋಲ್ಡಾನ್’ ಎಂಬ ಕೂಗು ಬಿದ್ದರೆ, ಕೂಗಿದವರು ಯಾರು ಏನು ಎಂದು ನೋಡದೆ ಕಾಲು ಬ್ರೇಕಿನ ಮೇಲೆ ಇರಬೇಕು.

ಹೆಂಗಸರ ಸೀಟಿನಲ್ಲಿ ಕುಳಿತಿದ್ದ ಪ್ರಫುಲ್ಲಾ ವಾಚು ನೋಡಿಕೊಂಡಳು. ತಂದೆಯ ಕಣ್ಣಿನ ಔಷಧಿಗೆಂದು ಮಣಿಪಾಲಕ್ಕೆ ಬಂದವಳು ಅವಳು. ಉಡುಪಿಯಲ್ಲಿ ಅವಳ ಇಂಗ್ಲಿಷ್ ಕ್ಲಾಸಿಗೆ ಹುಡುಗರು ಬಂದು ಕುಳಿತಿರುವ ಹೊತ್ತು. ಔಷಧಿಯ ಪೊಟ್ಟಣವನ್ನು ಪಕ್ಕದ ಅಜ್ಜಿಯ ಮಡಿಲಲ್ಲಿಟ್ಟು, ಸೆರಗು ಬಿಗಿದು ಕೆಳಗಿಳಿದಳು. ಬಸ್ಸಿನ ಹಿಂದೆ ಹೋಗಿ ನಿಂತಳು. ಅತ್ತ ಇತ್ತ ನೋಡಿದಳು. ತಗಡಿಗೆ ಎರಡು ಸಲ ಬಡಿದಳು.

“ಬರ್ಲಿ... ಬರ್ಲಿ... ಬರ್ಲಿ...”

ಬಸ್ಸಿನೊಳಗೆ ನಗು ಎದ್ದಿತು. ಆದರೆ ಡ್ರೈವರ್ ನಗಲಿಲ್ಲ. ಗೇರು ಬಿತ್ತು, ಬಸ್ಸು ಮೆಲ್ಲಗೆ ಹಿಂದಕ್ಕೆ ಬಂತು. ಅಷ್ಟು ದೊಡ್ಡ ವಾಹನ ತನ್ನ ಒಂದು ಮಾತಿಗೆ ಹಸುವಿನಂತೆ ಹಿಂಬಾಲಿಸಿ ಬರುವುದನ್ನು ಕಂಡು ಪ್ರಫುಲ್ಲಾಳಿಗೆ ಎದೆಯೊಳಗೆ ಏನೋ ಚುರುಕ್ಕೆಂದಿತು. ಅಡ್ಡರಸ್ತೆಯ ಬದಿಯ ಕಾಲುವೆಯ ಅಂಚಿಗೆ ಬಂದಾಗ, “ಹೋಲ್ಡಾನ್!” ಎಂದಳು. ಬಸ್ಸು ಅಲ್ಲೇ ನಿಂತಿತು, ಒಂದು ಗೇಣೂ ಹೆಚ್ಚು ಸರಿಯದೆ.

ಅವಳು ಹತ್ತುವಾಗ ಡ್ರೈವರ್ ತಲೆ ತಿರುಗಿಸಿ ನೋಡಿದ. ಮೂವತ್ತರ ಆಸುಪಾಸಿನ ಮುಖ, ಬಿಸಿಲಿಗೆ ಕಂದಿದ್ದು. ಕಣ್ಣಲ್ಲಿ ಮಾತ್ರ ಶಾಲೆಗೆ ಹೊಸದಾಗಿ ಸೇರಿದವನ ಬೆರಗು.

“ಒಳ್ಳೆ ಗಂಟಲು,” ಎಂದ.

“ಒಳ್ಳೆ ಡ್ರೈವರು,” ಎಂದಳು ಅವಳು. “ಇನ್ನಾದ್ರೂ ಹೊರಡಿ. ನನಗೆ ಕ್ಲಾಸುಂಟು.”

* * *

ಅದು ಎಪ್ಪತ್ತೊಂಬತ್ತನೆಯ ಇಸವಿ. ಉಡುಪಿಯ ಬಸ್‌ಸ್ಟ್ಯಾಂಡಿನ ಎದುರು, ಜವಳಿ ಅಂಗಡಿಯ ಮಾಳಿಗೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಪ್ರಫುಲ್ಲಾಳ ಕ್ಲಾಸು. ಗಲ್ಫ್‌ಗೆ ಹೊರಟ ಅಡುಗೆಯವರು, ದರ್ಜಿಗಳು, ಮೇಸ್ತ್ರಿಗಳು, ಡ್ರೈವರುಗಳು ಅಲ್ಲಿ ಬಂದು ಅರಬ್ಬಿ ಧಣಿಯ ಮುಂದೆ ಹೇಳಬೇಕಾದ ನಾಲ್ಕು ಮಾತು ಕಲಿತು ಹೋಗುತ್ತಿದ್ದರು. ಕೆಳಗೆ ಪಾಸ್‌ಪೋರ್ಟು, ಟಿಕೇಟು ಮಾಡಿಸಿಕೊಡುವ ಪುತ್ತುಬ್ಬ ಸಾಹೇಬರ ಸಣ್ಣ ಆಫೀಸು. ಮೇಲೆ ಕಲಿತವರು ಕೆಳಗೆ ಇಳಿದು ವಿಮಾನ ಹತ್ತುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಬಸ್ಸು ಹಿಂದೆ ತೆಗೆಸಿದ ವಾರದೊಳಗೆ, ಮಧ್ಯಾಹ್ನದ ಬಿಡುವಿನಲ್ಲಿ ಆ ಡ್ರೈವರ್ ಮಾಳಿಗೆ ಹತ್ತಿ ಬಂದ. ಖಾಕಿ ಅಂಗಿಯ ಮೇಲೆ ಒಗೆದ ಬಿಳಿ ಟವಲು, ಕೈಯಲ್ಲಿ ಹೊಸ ಪೆನ್ಸಿಲು.

“ಹೆಸರು ಕರುಣಾಕರ. ಊರು ಪೆರ್ಡೂರು,” ಎಂದ. “ಇಂಗ್ಲಿಷ್ ಕಲೀಬೇಕಿತ್ತು.”

“ಯಾವ ದೇಶಕ್ಕೆ?”

ಅವನು ಸ್ವಲ್ಪ ತಡವರಿಸಿದ. “ದೇಶವಾ?”

“ಇದು ಗಲ್ಫ್‌ಗೆ ಹೋಗುವವರ ಕ್ಲಾಸು. ನೀವು ಹೋಗುವುದು ಎಲ್ಲಿಗೆ?”

“ಎಲ್ಲಾದ್ರೂ ಆಗ್ತದೆ,” ಎಂದ ಕರುಣಾಕರ. ಎಲ್ಲರೂ ನಕ್ಕರು. ಏನೋ ರಶೀದಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಪುತ್ತುಬ್ಬ ಸಾಹೇಬರು ಮಾತ್ರ ನಗಲಿಲ್ಲ. ಅವರ ಕಣ್ಣು ಬೆಳಗಿತು.

“ಹೆವಿ ಲೈಸನ್ಸ್ ಉಂಟಾ?”

“ಉಂಟು.”

“ಹಾಗಾದ್ರೆ ಈ ಚಿಂತೆ ನನ್ನದು. ನೀನು ಕಲಿ.”

ಕರುಣಾಕರ ಬೆಂಚಿನ ತುದಿಯಲ್ಲಿ ಕುಳಿತ. ಕಿಟಕಿಯ ಬೆಳಕು ಅವನ ಕಿವಿಯ ಮೇಲೆ ಬಿದ್ದು, ಆ ಕಿವಿ ಕೆಂಪಾಗಿರುವುದು ಪ್ರಫುಲ್ಲಾಳಿಗೆ ಕಾಣಿಸಿತು.

ಡ್ರೈವರುಗಳಿಗಾಗಿ ಅವಳು ಬೇರೆಯೇ ಪಾಠ ಮಾಡಿದ್ದಳು. ಡ್ರೈವ್, ಬ್ಯಾಕ್, ಪುಲ್ ಎಂಬ ಮೂರು ಶಬ್ದಗಳನ್ನು ಹಲಗೆಯ ಮೇಲೆ ಬರೆದು, ಅವುಗಳಿಂದ ಹುಟ್ಟುವ ಮಾತುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

“ಬ್ಯಾಕ್ ಅಪ್ ಅಂದ್ರೆ ಗಾಡಿ ಹಿಂದಕ್ಕೆ ತರುವುದು. ಪುಲ್ ಓವರ್ ಅಂದ್ರೆ ಬದಿಗೆ ತಂದು ನಿಲ್ಲಿಸುವುದು. ಇಲ್ಲಿ ಎಳೆಯುವಂಥದ್ದು ಏನೂ ಇಲ್ಲ. ಬ್ಯಾಕ್ ಔಟ್ ಅಂದ್ರೆ ಮಾತು ಕೊಟ್ಟು ಆಮೇಲೆ ಜಾರಿಕೊಳ್ಳುವುದು.”

“ಅದಕ್ಕೂ ರಿವರ್ಸ್ ಗೇರು ಬೇಕಾ ಟೀಚರೇ?” ಎಂದು ಕರುಣಾಕರ ಕೇಳಿದ.

“ಮರ್ಯಾದೆ ಇಲ್ಲದಿದ್ರೆ ಯಾವ ಗೇರೂ ಬೇಡ.”

“ಡ್ರೈವ್ ಎ ಹಾರ್ಡ್ ಬಾರ್ಗೇನ್?”

“ಮಲ್ಪೆಯಲ್ಲಿ ಮೀನಿನವರ ಹತ್ರ ನಿಮ್ಮ ಅಮ್ಮ ಚೌಕಾಸಿ ಮಾಡುವುದು.”

“ನನ್ನ ಅಮ್ಮ ಮೀನಿನವಳಿಗೇ ಬುದ್ಧಿ ಹೇಳಿ, ಎರಡು ಬಂಗುಡೆ ಹೆಚ್ಚಿಗೆ ತರ್ತಾರೆ.”

“ಸರಿ, ಹಾಗಾದ್ರೆ ಅವರಿಗೆ ಇಂಗ್ಲಿಷ್ ಬೇಕಾಗಿಲ್ಲ. ಬ್ಯಾಕ್ ಸೀಟ್ ಡ್ರೈವರ್ ಅಂದ್ರೆ, ಹಿಂದೆ ಕುಳಿತುಕೊಂಡು ಹಾಗೆ ತಿರುಗಿಸು, ಹೀಗೆ ನಿಲ್ಲಿಸು ಅಂತ ಉಪದ್ರ ಕೊಡುವವರು.”

“ಸೀಟಿನಿಂದ ಇಳಿದು ಹಿಂದೆ ನಿಂತು ಹೇಳುವವರಿಗೆ ಎಂತ ಹೇಳ್ತಾರೆ?”

ಕ್ಲಾಸು ಗೊಳ್ಳೆಂದಿತು. ಮಣಿಪಾಲದ ಕತೆ ಎಲ್ಲರಿಗೂ ಗೊತ್ತಾಗಿತ್ತು. ಪ್ರಫುಲ್ಲಾ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಅವನನ್ನೇ ನೋಡಿದಳು. ಅವನು ಕಣ್ಣು ತಗ್ಗಿಸಲಿಲ್ಲ. ನೋಟವು ಒಂದು ಉಸಿರಿನಷ್ಟು ಹೊತ್ತು ಹೆಚ್ಚೇ ನಿಂತಿತು. ಕೊನೆಗೆ ಅವಳೇ ಹಲಗೆಯ ಕಡೆ ತಿರುಗಿದಳು. ತಿರುಗಿದ ಮೇಲೆ ಏನು ಬರೆಯಬೇಕು ಎಂಬುದು ನೆನಪಾಗಲಿಲ್ಲ.

* * *

ಅವಳ ಮನೆ ಕಾಪುವಿನಲ್ಲಿ, ಬಸ್ಸಿನ ಓಟ ಸಂಜೆಗೆ ಬಂದು ಮುಗಿಯುವಲ್ಲಿ. ಮನೆಯ ಎದುರಿನ ಕೆಂಪು ಮುರಕಲ್ಲಿನ ಬಯಲೇ ಆ ಬಸ್ಸಿನ ರಾತ್ರಿಯ ಹಾಲ್ಟು. ಮನೆಯಲ್ಲಿ ಅವಳು ಮತ್ತು ಅವಳ ತಂದೆ ಉಮಾನಾಥ ಮಾಸ್ಟರು, ಇಬ್ಬರೇ. ತಾಯಿ ತೀರಿಕೊಂಡು ವರ್ಷ ದಾಟಿತ್ತು.

ಮಾಸ್ಟರದು ಒಂದು ಕಾಲದಲ್ಲಿ ಶಾಲೆಯ ಅಂಗಳ ದಾಟಿ ರಸ್ತೆಗೆ ಕೇಳುವ ದನಿ. ಹೆಂಡತಿ ಹೋದ ದಿನದಿಂದ ಆ ದನಿಯೂ ಹೋಯಿತು. ಮಂಗಳವಾರ ಮಾರಿಗುಡಿಗೆ ಹೋಗಿಬರುತ್ತಿದ್ದರು. ಸಂಜೆ ದೀಪ ಹಚ್ಚಿ, ಹೆಂಡತಿಯ ಫೋಟೋಕ್ಕೆ ಮಲ್ಲಿಗೆ ಏರಿಸಿ, ತುಟಿ ಅಲುಗದ ಹಾಗೆ ನಾಮ ಹೇಳುತ್ತಿದ್ದರು. ಮಗಳಿಗೆ ಬೇಕಾದ ಮಾತನ್ನು ಕೈಸನ್ನೆಯಲ್ಲೇ ಮುಗಿಸುತ್ತಿದ್ದರು. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದು ಅವರು ಯಾರ ಮುಂದೆಯೂ ದೂರಲಿಲ್ಲ. ಆದರೆ ಜಗಲಿಯಲ್ಲಿದ್ದ ಹೆಂಡತಿಯ ಖಾಲಿ ಕುರ್ಚಿಯನ್ನು ಒಳಗೆ ಒಯ್ಯಲು ಬಿಟ್ಟವರಲ್ಲ.

ಫೋಟೋದ ಮಲ್ಲಿಗೆ ಶಂಕರಪುರದ್ದು. ದಿನಾ ಕಟ್ಟಿದ ಹೂವಿನ ಒಂದು ಚೆಂಡು ಕಟಪಾಡಿಯಲ್ಲಿ ಬಸ್ಸಿಗೆ ಹತ್ತಿ ಬರುತ್ತಿತ್ತು. ಮೊದಲು ಲಿಯೋನೆಲ್ ಪೊರ್ಬು ತಂದು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದರು. ಈಗೀಗ ಡ್ರೈವರನೇ ಇಳಿದು, ಬಾಳೆಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದ.

“ಪೊರ್ಬುಗಳಿಗೆ ಕಾಲುನೋವಾ?” ಎಂದು ಪ್ರಫುಲ್ಲಾ ಒಮ್ಮೆ ಕೇಳಿದಳು.

“ಕಾಲು ಗಟ್ಟಿಯೇ ಉಂಟು,” ಎಂದರು ಪೊರ್ಬು ಬಸ್ಸಿನ ಬಾಗಿಲಲ್ಲಿ ನಿಂತು. “ನನ್ನ ಕೆಲಸ ಹೋಯ್ತು, ಅಷ್ಟೆ.”

ಹೀಗಿರುವಾಗ ಒಂದು ಮಧ್ಯಾಹ್ನ ಪುತ್ತುಬ್ಬ ಸಾಹೇಬರು ಏದುಸಿರು ಬಿಡುತ್ತ ಮಾಳಿಗೆ ಹತ್ತಿದರು. ದೋಹಾದ ಒಂದು ಕಂಪನಿಯವರು ಡ್ರೈವರುಗಳನ್ನು ಆರಿಸಲು ಕಾರ್ಕಳಕ್ಕೇ ಬರುವವರಿದ್ದರು. ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ, ಆಮೇಲೆ ಲಾರಿಯ ಟೆಸ್ಟು.

“ಕರುಣಾಕರ, ನಿನ್ನ ಹೆಸರು ಮೊದಲು ಕೊಟ್ಟಿದ್ದೇನೆ. ಲಾರಿಯನ್ನು ಡ್ರಮ್ಮುಗಳ ಮಧ್ಯೆ ಹಿಂದಕ್ಕೆ ತರಬೇಕು. ಹಿಂದೆ ಯಾರೂ ಕರೆಯುವ ಹಾಗಿಲ್ಲ. ಬರೀ ಕನ್ನಡಿ ನೋಡಿಕೊಂಡು.”

ಕರುಣಾಕರನ ಮುಖ ಸಣ್ಣದಾಯಿತು. “ಕರೆಯದೆ ಬರುವುದು ಹೇಗೆ ಸಾಹೇಬ್ರೆ? ನಾನು ಇಷ್ಟು ವರ್ಷದಲ್ಲಿ ಒಂದು ಸಲ ಹಾಗೆ ತಂದದ್ದಿಲ್ಲ.”

“ಅಲ್ಲಿ ನಿನ್ನ ಪೊರ್ಬುಗಳು ಬರ್ತಾರಾ? ಕಲಿ ಮಾರಾಯ. ಇಂಥ ಚಾನ್ಸು ದಿನಾ ಬರ್ತದಾ?”

ಅವನು ಪ್ರಫುಲ್ಲಾಳ ಕಡೆ ನೋಡಿದ. ಆ ನೋಟದಲ್ಲಿ ಏನೋ ಕೇಳಿಕೆ ಇತ್ತು. ಏನೆಂದು ಅವಳಿಗೆ ತಿಳಿಯಲಿಲ್ಲ, ತಿಳಿದದ್ದು ಇಷ್ಟೇ. ಅವಳ ಶಿಷ್ಯ ಒಂದು ಕಡೆ ಸೋಲಲಿದ್ದಾನೆ, ಮತ್ತು ಅವಳ ಕ್ಲಾಸಿನಿಂದ ಹೋದವರು ಯಾರೂ ಸೋತದ್ದಿಲ್ಲ.

“ಭಾನುವಾರ ನಮ್ಮ ಮನೆಯ ಬಯಲಿನಲ್ಲಿ ಪ್ರಾಕ್ಟೀಸ್ ಮಾಡುವ,” ಎಂದಳು. “ಆ ದಿನ ಬಸ್ಸು ತಡವಾಗಿ ಹೊರಡುವುದು, ಹೇಗೂ ಅಲ್ಲೇ ಇರ್ತದಲ್ಲ.”

ಅವನು ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸಿದ. “ನೀವು ಹೇಳಿದ ಮೇಲೆ ಆಯ್ತು,” ಎಂದ.

* * *

ಬಸ್ಸಿನ ಧಣಿಗಳ ಅನುಮತಿ ಸಿಕ್ಕಿತು. ಡಾಂಬರಿನ ಖಾಲಿ ಡ್ರಮ್ಮುಗಳನ್ನು ಪೊರ್ಬು ಎಲ್ಲಿಂದಲೋ ಉರುಳಿಸಿ ತಂದರು. ಬೆಳಗಿನ ಬಿಸಿಲು, ಸಮುದ್ರದ ಗಾಳಿ, ಜಗಲಿಯಲ್ಲಿ ಮೌನವಾಗಿ ಕುಳಿತ ಮಾಸ್ಟರು.

ಮೊದಲ ಸಲವೇ ಬಸ್ಸು ಎಡಗಡೆಯ ಡ್ರಮ್ಮನ್ನು ಮಲಗಿಸಿತು. ಎರಡನೆಯ ಸಲ ಬಲಗಡೆಯದನ್ನು.

“ಟೀಚರೇ, ಒಂದು ಸಲ ಕರೀರಿ. ಬರೀ ಒಂದು ಸಲ.”

“ಇಲ್ಲ.”

“ನಿಮ್ಮ ದನಿ ಕೇಳಿದ್ರೆ ಕಣ್ಣು ಮುಚ್ಚಿಕೊಂಡು ತರ್ತೇನೆ.”

“ಕಣ್ಣು ಮುಚ್ಚುವ ಡ್ರೈವರು ಅವರಿಗೆ ಬೇಡ. ಕನ್ನಡಿ ನೋಡಿ.”

ಅವಳು ಡ್ರಮ್ಮುಗಳ ನಡುವೆ, ಅವನ ಕನ್ನಡಿಯಲ್ಲಿ ಕಾಣುವ ಹಾಗೆ, ತುಟಿ ಬಿಗಿದು ನಿಂತಳು. ಗಾಳಿಗೆ ಸೆರಗು ಹಾರಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಬಸ್ಸು ನಿಧಾನವಾಗಿ ಹೊರಟಿತು. ದುಂಡು ಕನ್ನಡಿಯೊಳಗೆ ಅವನ ಒಂದು ಕಣ್ಣು, ಒಂದು ಹುಬ್ಬು ಮಾತ್ರ ಅವಳಿಗೆ ಕಾಣುತ್ತಿತ್ತು. ಆ ಕಣ್ಣು ಅವಳನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಬಸ್ಸು ಹತ್ತಿರ, ಇನ್ನೂ ಹತ್ತಿರ ಬಂತು. ಅವಳು ಅಲುಗಲಿಲ್ಲ. ಒಂದು ಮಾರು ದೂರದಲ್ಲಿ ಅದು ತಾನಾಗಿ ನಿಂತಿತು.

ಅವನು ತಲೆ ಹೊರಗೆ ಹಾಕಿದ. “ಬಾಯಿ ಮುಚ್ಚಿಕೊಂಡ ಟೀಚರನ್ನು ಇವತ್ತೇ ಮೊದಲು ಕಂಡದ್ದು!”

“ಡ್ರೈವರು ಬಾಯಿ ಮುಚ್ಚಿಕೊಳ್ಳುವುದು ಯಾವಾಗ ಕಾಣ್ತದೋ!”

ಜಗಲಿಯಲ್ಲಿ ಮಾಸ್ಟರು ಮುಖವನ್ನು ಬೇರೆ ಕಡೆ ತಿರುಗಿಸಿದರು. ಅವರ ಮೀಸೆ ಸ್ವಲ್ಪ ಅಲುಗಿದ್ದನ್ನು ಪೊರ್ಬು ನೋಡಿದರು.

ಭಾನುವಾರಗಳು ಹೀಗೆ ಬಂದು ಹೋದವು. ಪ್ರಫುಲ್ಲಾ ಒಳಗಿನಿಂದ ಬೆಲ್ಲದ ನೀರು ತಂದು ಕೊಡುತ್ತಿದ್ದಳು. ಅವನು ಲೋಟ ಹಿಂದಕ್ಕೆ ಕೊಡುವಾಗ ಒಂದು ಇಂಗ್ಲಿಷ್ ಮಾತು ಹೇಳಬೇಕಿತ್ತು, ಅರ್ಥದೊಂದಿಗೆ. ಡ್ರೈವ್ ಹೋಮ್ ಎಂದರೆ ಮನದಟ್ಟು ಮಾಡಿಸುವುದು. ಡ್ರೈವ್ ಮ್ಯಾಡ್ ಎಂದರೆ ತಲೆ ಕೆಡಿಸುವುದು.

“ಉದಾಹರಣೆ ಕೊಡಿ,” ಎಂದಳು ಅವಳು.

ಅವನು ಲೋಟವನ್ನು ನೋಡಿದ, ಅವಳನ್ನು ನೋಡಿದ. “ಇನ್ನೊಂದು ಲೋಟ ನೀರು ಕೊಡಿ,” ಎಂದ.

ಕೊನೆಯ ಭಾನುವಾರ ಅವಳು, “ಇವತ್ತು ನಾನು ಕನ್ನಡಿಯಲ್ಲೂ ಇರುವುದಿಲ್ಲ,” ಎಂದು ಹೇಳಿ ಜಗಲಿಗೆ ಹೋಗಿ, ತಾಯಿಯ ಕುರ್ಚಿಯ ಪಕ್ಕದಲ್ಲಿ ನಿಂತಳು. ಖಾಲಿ ಬಯಲಿನಲ್ಲಿ ಬಸ್ಸು ಒಂದು ಗಳಿಗೆ ಹಾಗೆಯೇ ನಿಂತಿತ್ತು. ಆಮೇಲೆ ಹಿಂದಕ್ಕೆ ಬಂತು. ದಾರ ಹಿಡಿದು ಎಳೆದ ಹಾಗೆ ನೇರವಾಗಿ, ಡ್ರಮ್ಮುಗಳ ನಡುವೆ ಹೊಕ್ಕು ನಿಂತಿತು.

ಪೊರ್ಬು ಚಪ್ಪಾಳೆ ತಟ್ಟಿದರು. ಪ್ರಫುಲ್ಲಾ ಕೈ ಎತ್ತಿದಳು, ತಟ್ಟಲಾಗಲಿಲ್ಲ.

“ಕಲಿತ,” ಎಂದರು ಮಾಸ್ಟರು ಮೆಲ್ಲಗೆ. ಅವರು ಆ ದಿನ ಆಡಿದ ಮೊದಲ ಮಾತು ಅದು. “ಕಲಿತವರು ಹೋಗ್ತಾರೆ ಮಗಾ.”

ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಅನ್ನವನ್ನು ಕಲಸುತ್ತಲೇ ಇದ್ದಳು. ಹೋಗಬೇಡಿ ಎಂದು ಹೇಳಲು ತಾನು ಯಾರು? ಅವನು ಕನಸು ಹೊತ್ತು ಮಾಳಿಗೆ ಹತ್ತಿದವನು. ಕಲಿಸುವವಳು ಕಲಿತವನ ದಾರಿಗೆ ಅಡ್ಡ ನಿಲ್ಲುವುದುಂಟೆ? ತಂದೆಗೆ ಮಜ್ಜಿಗೆ ಬಡಿಸಿ, ತನ್ನ ಬಟ್ಟಲನ್ನು ಸುಮ್ಮನೆ ಎತ್ತಿಕೊಂಡು ಒಳಗೆ ಹೋದಳು.

* * *

ಕಾರ್ಕಳದ ಟೆಸ್ಟಿನಲ್ಲಿ ಕರುಣಾಕರ ಮೊದಲಿಗನಾಗಿ ಬಂದ. ಎರಡನೆಯವನು ನಿಟ್ಟೆಯ ಲಾರಿ ಡ್ರೈವರ್ ಕೂಸಪ್ಪ. ಗಲ್ಫ್‌ಗೆ ಹೋಗಿ ಮನೆಯ ಮಾಡಿಗೆ ಹಂಚು ಹೊದಿಸಬೇಕೆಂದು ವರ್ಷಗಳಿಂದ ಪುತ್ತುಬ್ಬ ಸಾಹೇಬರ ಬಾಗಿಲು ಕಾಯುತ್ತಿದ್ದವನು. ಕಂಪನಿಗೆ ಬೇಕಾದದ್ದು ಒಬ್ಬನೇ. ಮೊದಲಿಗ ತಪ್ಪಿಸಿಕೊಂಡರೆ ಎರಡನೆಯವನು ಎಂದು ಹೇಳಿ ಅವರು ತಮ್ಮ ಬೊಂಬಾಯಿ ಆಫೀಸಿಗೆ ಹಿಂತಿರುಗಿದರು.

ಹೊರಡುವ ದಿನ ಬಂತು. ಉಡುಪಿಯಲ್ಲಿ ಬೊಂಬಾಯಿ ಬಸ್ಸು ಮಧ್ಯಾಹ್ನದ ಬಿಸಿಲಲ್ಲಿ ನಿಂತಿತ್ತು. ಅದರ ಮಾಡಿನ ಮೇಲೆ ಟ್ರಂಕುಗಳು, ಉಪ್ಪಿನಕಾಯಿ ಭರಣಿಗಳು, ಕಟ್ಟಿದ ಚಾಪೆಗಳು. ಬೀಳ್ಕೊಡಲು ಬಂದವರ ಗುಂಪಿನಲ್ಲಿ ಪುತ್ತುಬ್ಬ ಸಾಹೇಬರು, ಪೊರ್ಬು, ಮತ್ತು ಮುಖದಲ್ಲಿ ನಗು ಅಂಟಿಸಿಕೊಂಡ ಕೂಸಪ್ಪ.

ಪ್ರಫುಲ್ಲಾ ಕ್ಲಾಸು ಬಿಟ್ಟು ಕೆಳಗಿಳಿದು ಬಂದಳು.

“ಬೊಂಬಾಯಿ ಮುಟ್ಟಿದ ಕೂಡ್ಲೇ ಒಂದು ಕಾರ್ಡು ಹಾಕಿ,” ಎಂದಳು.

“ಹಾಕ್ತೇನೆ.”

“ಇಂಗ್ಲಿಷಿನಲ್ಲಿ.”

“ತಪ್ಪಾದ್ರೆ?”

“ತಿದ್ದಿ ಕಳಿಸ್ತೇನೆ.”

ಅವನು ನಕ್ಕ. ನಗು ಕಣ್ಣಿನವರೆಗೆ ಏರಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಂಡಕ್ಟರ್ ಕೂಗು ಹಾಕಿದ. ಕರುಣಾಕರ ಹತ್ತಿ ಕಿಟಕಿಯ ಪಕ್ಕ ಕುಳಿತ. ಸ್ಟ್ಯಾಂಡಿನಿಂದ ಹೊರಬೀಳಲು ಬಸ್ಸು ಮೊದಲು ಹಿಂದಕ್ಕೆ ಸರಿಯಬೇಕು. ಅದರ ಕಂಡಕ್ಟರ್ ಹಿಂದೆ ಹೋಗಿ ನಿಂತು ‘ಬರ್ಲಿ, ಬರ್ಲಿ’ ಎನ್ನತೊಡಗಿದ.

ಪೊರ್ಬು ಟೊಪ್ಪಿ ತೆಗೆದು ಹಣೆ ಒರೆಸಿಕೊಂಡರು. “ಎಂತ ಜನಗಳೋ ನೀವು,” ಎಂದರು, ಗಾಳಿಗೆ ಹೇಳಿದ ಹಾಗೆ.

“ಯಾಕೆ ಪೊರ್ಬುಗಳೇ?” ಎಂದಳು ಪ್ರಫುಲ್ಲಾ.

“ಅವನಿಗೆ ಗಲ್ಫು ಬೇಕೂಂತ ಯಾರು ಹೇಳಿದ್ದು?”

“ಅವರೇ. ಕ್ಲಾಸಿಗೆ ಬಂದ ದಿನ.”

“ಹೌದು, ಬಂದ. ನಿಮ್ಮ ಕ್ಲಾಸಿಗೆ ಕಾಲಿಡ್ಲಿಕ್ಕೆ ಗಲ್ಫು ಅನ್ಬೇಕು, ಅಂದ. ಅವನಿಗೆ ಬೇಕಾದದ್ದು ಹಿಂದೆ ನಿಂತು ಕರೆದ ಆ ದನಿ. ‘ಪೊರ್ಬುಗಳೇ, ಆ ದನಿ ಇನ್ನೊಂದು ಸಲ ಕೇಳ್ಬೇಕು’ ಅಂತ ಕಾಪುವಿನಿಂದ ಕಾರ್ಕಳದವರೆಗೆ ನನ್ನ ತಲೆ ತಿಂದ. ನಮ್ಮ ಊರಿನಲ್ಲಿ ಗಲ್ಫು ಅಂತ ಬಾಯಿಬಿಟ್ರೆ ಮತ್ತೆ ಸುಮ್ಮನೆ ಬಿಡ್ತಾರಾ? ಪುತ್ತುಬ್ಬ ಸಾಹೇಬ್ರು ಹೊರಟ್ರು, ಅವನ ಅಮ್ಮ ಪೆರ್ಡೂರು ದೇವರಿಗೆ ಹರಕೆ ಹೇಳಿದ್ರು, ನೀವು ಡ್ರಮ್ಮು ಇಟ್ರಿ. ಟೆಸ್ಟಿನಲ್ಲಿ ಬೇಕೂಂತಲೇ ಒಂದು ಡ್ರಮ್ಮು ಬೀಳಿಸು ಅಂತ ನಾನೇ ಹೇಳಿದೆ. ‘ಟೀಚರ ಹೆಸರು ಹಾಳಾಗ್ತದೆ’ ಅಂದ, ಪೆದ್ದ!”

ಪ್ರಫುಲ್ಲಾಳ ಕಿವಿಯಲ್ಲಿ ಸ್ಟ್ಯಾಂಡಿನ ಗಲಾಟೆಯೆಲ್ಲ ಒಮ್ಮೆಲೇ ನಿಂತು ಹೋಯಿತು. ಉಳಿದದ್ದು ಒಂದೇ ಸದ್ದು. ‘ಬರ್ಲಿ... ಬರ್ಲಿ... ಬರ್ಲಿ...’ ಬಸ್ಸು ಹಿಂದಕ್ಕೆ ಬಂದು ಮುಗಿಯುತ್ತಿತ್ತು. ಇನ್ನು ಮುಂದಿನ ಗೇರು ಬಿದ್ದರೆ ಅದು ಬೊಂಬಾಯಿಯಲ್ಲೇ ನಿಲ್ಲುವುದು.

ಅವಳು ಓಡಲಿಲ್ಲ. ಬಿರುಸಾಗಿ ನಡೆದಳು. ಕಂಡಕ್ಟರನ ಪಕ್ಕದಲ್ಲಿ ಹೋಗಿ ನಿಂತು, ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದಳು.

“ಹೋಲ್ಡಾನ್!”

ಬೊಂಬಾಯಿಗೆ ಹೋಗುವ ಬಸ್ಸಾದರೂ ಡ್ರೈವರ್ ಈ ಊರಿನವನೇ. ಬಸ್ಸು ಕಿರ್ರೆಂದು ನಿಂತಿತು. ಮಾಡಿನ ಮೇಲೆ ಭರಣಿಗಳು ಒಂದಕ್ಕೊಂದು ತಾಗಿದವು.

“ಎಂತ ಆಯ್ತು? ಯಾರು ಬಿದ್ದದ್ದು?” ಡ್ರೈವರ್ ಕುತ್ತಿಗೆ ಹೊರಗೆ ಹಾಕಿ ಕೂಗಿದ.

“ಯಾರೂ ಬೀಳಲಿಲ್ಲ,” ಎಂದಳು ಪ್ರಫುಲ್ಲಾ. “ಒಬ್ಬರು ಇಳಿಯುವವರಿದ್ದಾರೆ.”

ಕರುಣಾಕರ ಆಗಲೇ ಬಾಗಿಲಲ್ಲಿದ್ದ. ಆ ದನಿಗೆ ಅವನ ಕಾಲು ತಾನಾಗಿ ಎದ್ದಿತ್ತು. ಅವನು ಇಳಿದು ಅವಳ ಎದುರು ಬಂದು ನಿಂತ. ಸ್ಟ್ಯಾಂಡಿನ ಜನವೆಲ್ಲ ಕಡಲೆ ಪೊಟ್ಟಣ ಹಿಡಿದು ಸುತ್ತ ನಿಂತಿತು.

“ಒಂದು ಪ್ರಶ್ನೆ,” ಎಂದಳು ಅವಳು, ಕ್ಲಾಸಿನ ದನಿಯಲ್ಲಿಯೇ. “ಸತ್ಯ ಹೇಳಿ. ನಿಮಗೆ ಹೋಗ್ಲಿಕ್ಕೆ ಮನಸ್ಸುಂಟಾ?”

“ಇಲ್ಲ.”

“ಮತ್ತೆ ಹತ್ತಿದ್ದು ಯಾಕೆ?”

“ನೀವು ಅಷ್ಟು ಕಷ್ಟಪಟ್ಟು ಕಲಿಸಿದ್ರಿ. ನಾನು ಹೋಗ್ಬೇಕೂಂತ ನಿಮಗೇ ಆಸೆ ಅಂತ ಗ್ರಹಿಸಿದೆ.”

“ನಾನು ಕಲಿಸಿದ್ದು ಟೆಸ್ಟಿಗೆ. ಹೋಗಿ ಅಂತ ಹೇಳಿದ್ದೇನಾ?”

“ಹೋಗಬೇಡಿ ಅಂತಲೂ ಹೇಳ್ಲಿಲ್ಲ.”

ಸುತ್ತ ನಿಂತ ಮುಖಗಳಿಗೆ ಅವಳು ನಾಚಲಿಲ್ಲ, ಹೆದರಲಿಲ್ಲ. ಆ ಬಿಸಿಲಿನಲ್ಲಿ ಕೆಂಪಾದ ಎರಡು ಕಿವಿಗಳು ಮಾತ್ರ ಕಂಡವು.

“ಈಗ ಹೇಳ್ತೇನೆ,” ಎಂದಳು. “ಹೋಗಬೇಡಿ. ನಾನಿದ್ದೇನೆ.”

ಅವನು ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡ. ಅಷ್ಟು ಹೊತ್ತು ಒರೆಸುವಷ್ಟು ಬೆವರು ಅಲ್ಲಿರಲಿಲ್ಲ.

“ಅಯ್ಯೋ ನನ್ನ ಮರ್ಯಾದೆ!” ಎಂದು ಪುತ್ತುಬ್ಬ ಸಾಹೇಬರು ತಲೆಗೆ ಕೈ ಹೊತ್ತರು. “ಟೀಚರೇ, ಬ್ಯಾಕ್ ಔಟ್ ಅಂದ್ರೆ ಮರ್ಯಾದೆ ಇಲ್ಲದವರ ಕೆಲಸ ಅಂತ ಕಲಿಸಿದ್ದು ನೀವೇ ಅಲ್ವಾ?”

“ಹೌದು ಸಾಹೇಬ್ರೆ. ನಾನು ಕಲಿಸಿದ್ದೇ. ಬೈಯುವುದಾದ್ರೆ ನನಗೆ ಬೈಯಿರಿ. ಆದ್ರೆ ಮೊದಲಿಗ ತಪ್ಪಿದ್ರೆ ಎರಡನೆಯವರು ಅಂತ ಕಂಪನಿಯವರೇ ಹೇಳಿದ್ದಾರಲ್ಲ. ಬೊಂಬಾಯಿಯಲ್ಲಿ ಮೆಡಿಕಲ್ಲು, ವೀಸಾ ಎಲ್ಲ ಇನ್ನು ಮುಂದೆ ತಾನೇ?”

ಸಾಹೇಬರು ಮೆಲ್ಲಗೆ ತಿರುಗಿ ಕೂಸಪ್ಪನನ್ನು ನೋಡಿದರು. ಎಲ್ಲರೂ ನೋಡಿದರು. ಕೂಸಪ್ಪನ ಮುಖದಲ್ಲಿ ಅಂಟಿಸಿಕೊಂಡಿದ್ದ ನಗು ಬಿದ್ದುಹೋಗಿ, ಅಲ್ಲಿ ಅಳುವಿನಂಥದ್ದು ಒಂದು ಮೂಡಿತ್ತು.

“ಪಾಸ್‌ಪೋರ್ಟು ಎಲ್ಲುಂಟು?” ಎಂದರು ಸಾಹೇಬರು.

“ನಿಮ್ಮ ಮೇಜಿನ ಡ್ರಾವರಿನಲ್ಲಿಯೇ.”

“ನಾಳೆಯ ಬಸ್ಸಿಗೆ ಹೊರಡು. ರಾತ್ರಿ ನಾನು ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿ ಮಾತಾಡ್ತೇನೆ.” ಆಮೇಲೆ ಕರುಣಾಕರನ ಕಡೆ ಬೆರಳು ತೋರಿಸಿ, “ನಿನ್ನ ಮದುವೆಗೆ ನನ್ನನ್ನು ಕರೆಯದಿದ್ರೆ ನೋಡು!” ಎಂದರು.

* * *

ಆ ಸಂಜೆ ಕಾರ್ಕಳದ ಬಸ್ಸಿಗೆ ಬದಲಿ ಬಂದಿದ್ದ ಡ್ರೈವರನನ್ನು ಉಡುಪಿಯಲ್ಲೇ ಇಳಿಸಿ, ಕರುಣಾಕರ ತನ್ನ ಸೀಟಿನಲ್ಲಿ ಕುಳಿತ. ಪ್ರಫುಲ್ಲಾ ಮುಂದಿನ ಸೀಟಿನಲ್ಲಿ ಕುಳಿತಳು. ಕಟಪಾಡಿಯಲ್ಲಿ ಶಂಕರಪುರದ ಮಲ್ಲಿಗೆಯ ಚೆಂಡು ಬಸ್ಸು ಹತ್ತಿತು. ಅವನು ಅದನ್ನು ಎಂದಿನಂತೆ ಎದುರಿನ ಗಾಜಿನ ಬಳಿ ನೇತುಹಾಕಿದ. ಗಾಳಿ ಬಂದಾಗಲೆಲ್ಲ ಪರಿಮಳ ಬಸ್ಸು ತುಂಬಿತು. ಕಾಪು ಬರುವವರೆಗೂ ಕನ್ನಡಿಯಲ್ಲಿ ಆಗಾಗ ಒಂದು ಕಣ್ಣು ಇನ್ನೊಂದು ಕಣ್ಣನ್ನು ಹುಡುಕಿ ಬರುತ್ತಿತ್ತು.

ಕಾಪುವಿನಲ್ಲಿ ಜನವೆಲ್ಲ ಇಳಿದರು. ಬಯಲಿಗೆ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಪೊರ್ಬು, “ನನಗೆ ಇಗರ್ಜಿಯಲ್ಲಿ ಪ್ರಾರ್ಥನೆ ಉಂಟು,” ಎಂದು ಹೇಳಿ ಯಾರ ಮುಖವನ್ನೂ ನೋಡದೆ ನಡೆದುಬಿಟ್ಟರು.

ಮಾಸ್ಟರು ಗೇಟಿನ ಬಳಿ ಬಂದು ನಿಂತಿದ್ದರು. ಉಡುಪಿಯ ಸುದ್ದಿ ಬಸ್ಸಿಗಿಂತ ಮೊದಲೇ ಕಾಪು ಮುಟ್ಟಿತ್ತು. ಅವರ ಹಣೆಯಲ್ಲಿ ಸಂಜೆಯ ಗಂಧ, ಮುಖದಲ್ಲಿ ಎಂದಿನ ಮೌನ. ಸಿಟ್ಟೋ ಸಂತೋಷವೋ ತಿಳಿಯುವ ಹಾಗಿರಲಿಲ್ಲ. ಇಡೀ ಸ್ಟ್ಯಾಂಡಿನ ಎದುರು ಅಲುಗದ ಪ್ರಫುಲ್ಲಾಳ ಧೈರ್ಯ ಈ ಒಬ್ಬರ ಮುಂದೆ ಅಲುಗಿತು.

ಕರುಣಾಕರ ಎಂಜಿನು ನಿಲ್ಲಿಸಲಿಲ್ಲ. ರಿವರ್ಸ್ ಹಾಕಲೂ ಇಲ್ಲ.

“ಎಂತ ಕಾಯ್ತಾ ಇದ್ದೀರಿ?” ಎಂದು ಅವಳು ಪಿಸುಗುಟ್ಟಿದಳು. “ಈಗ ನಿಮಗೆ ಒಬ್ಬರೇ ತರ್ಲಿಕ್ಕೆ ಬರ್ತದಲ್ವಾ?”

“ಬರ್ತದೆ,” ಎಂದ ಅವನು. “ಆದ್ರೆ ಇದು ಅವರ ಬಾಗಿಲು. ಅವರು ಕರೆಯದೆ ನಾನು ಬರುವುದಿಲ್ಲ.”

ಎಂಜಿನು ಸಣ್ಣಗೆ ಗುರುಗುಟ್ಟುತ್ತಿತ್ತು. ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಮಾಸ್ಟರು ಬಸ್ಸನ್ನು ನೋಡಿದರು, ಜಗಲಿಯ ಖಾಲಿ ಕುರ್ಚಿಯನ್ನು ನೋಡಿದರು. ಒಂದು ಗಳಿಗೆ ಕಣ್ಣು ಮುಚ್ಚಿ, ಕೈಗಳನ್ನು ಎದೆಗೆ ತಂದು ಜೋಡಿಸಿದರು.

ಆಮೇಲೆ ಮೆಲ್ಲಗೆ ನಡೆದು ಬಸ್ಸಿನ ಹಿಂದೆ ಹೋದರು. ತಗಡಿನ ಮೇಲೆ ಒಂದು ಮುದಿ ಅಂಗೈ ಎರಡು ಸಲ ಬಡಿಯಿತು. ಮತ್ತೆ, ವರ್ಷದಿಂದ ಈ ಅಂಗಳದಲ್ಲಿ ಯಾರೂ ಕೇಳದಿದ್ದ, ಶಾಲೆಯ ಬಯಲು ದಾಟಿ ರಸ್ತೆಗೆ ಕೇಳುವಂಥ ಆ ದನಿ ಎದ್ದಿತು.

“ಬರ್ಲಿ... ಬರ್ಲಿ... ಬರ್ಲಿ...”